ನಿಚ್ಚಣಿಕೆ ಹತ್ತುವ ಕಾಲು

ಕಾಡವ್ವ ಹುಕ್ಕೇರಿಯ ತವರಿನಿಂದ ಐದು ತಿಂಗಳ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಬಂದ ದಿನ, ಆ ಮನೆಯ ಹಿರಿಯ ಜೀವ ಶಿವಗಂಗವ್ವನ ತಲೆಯ ಮೇಲೆ ಬಂಗಾರದ ಹೂ ಸುರಿದವು. ಬೆಳಗಾವಿ ಸೀಮೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ದೀಪಾವಳಿ ಆಗಷ್ಟೇ ಮುಗಿದಿತ್ತು. ಕೊಣ್ಣೂರಿನ ಆ ಮನೆಯ ಪಡಸಾಲೆಯಲ್ಲಿ ಮಣೆ ಹಾಕಿ ಮುದುಕಿಯನ್ನು ಕೂರಿಸಿ, ಮಡಿಲಿಗೆ ಮರಿಮೊಮ್ಮಗನನ್ನು ಕೊಟ್ಟಿದ್ದರು. ಅವಳ ಮಗ ದುಂಡಪ್ಪ ಗೋಕಾಕದ ಪತ್ತಾರನಿಂದ ಮಾಡಿಸಿ ತಂದಿದ್ದ ಹೂಗಳು ಎಷ್ಟು ತೆಳುವಾಗಿದ್ದವೆಂದರೆ, ಬೀಳುವಾಗ ಸದ್ದೇ ಆಗಲಿಲ್ಲ. ಜೋಳ ತೂರುವಾಗ ಹಾರುವ ಹೊಟ್ಟಿನಂತೆ ತೇಲುತ್ತ ಬಂದು ಮುದುಕಿಯ ಬಿಳಿ ಕೂದಲಲ್ಲಿ ಕೂತವು. ಕೂಸು ಒಂದನ್ನು ಹಿಡಿದು ಬಾಯಿಗೆ ಹಾಕಿಕೊಳ್ಳಲು ನೋಡಿತು. ಎಲ್ಲರೂ ನಕ್ಕರು.

ಮಗನ ಮಗನ ಮಗನ ಮುಖ ಕಂಡವರಿಗೆ ಕೈಲಾಸಕ್ಕೆ ನೇರ ದಾರಿ ಎಂದು ಆ ಮನೆಯವರ ನಂಬಿಕೆ. ಕೈಲಾಸ ಮೇಲಿದೆ, ಮೇಲೆ ಹೋಗಬೇಕಾದರೆ ನಿಚ್ಚಣಿಕೆ ಬೇಕು. ಅದಕ್ಕಾಗಿ ಪತ್ತಾರ ಕಿರುಬೆರಳುದ್ದದ ಬಂಗಾರದ ನಿಚ್ಚಣಿಕೆಯನ್ನೂ ಮಾಡಿಕೊಟ್ಟಿದ್ದ. ಶಿವಗಂಗವ್ವ ಬಲಗಾಲಿನ ಹೆಬ್ಬೆರಳನ್ನು ಮೆಲ್ಲಗೆ ಚಾಚಿ ಅದರ ಕೆಳಗಿನ ಮೆಟ್ಟಿಲು ಮುಟ್ಟಿದಳು.

"ಹತ್ತೇಬಿಟ್ಟಳು ನೋಡಬೇ ಆಯಿ!" ಎಂದು ಓಣಿಯ ಹೆಂಗಸರು ಒದರಿದರು.

"ಮ್ಯಾಲ ಹ್ವಾದ ಮ್ಯಾಲ ನಮ್ಮನ್ನೂ ನೆನಸ್ರಿ. ನಮಗೂ ಒಂದೀಟ ಜಾಗಾ ಹಿಡೀರಿ."

"ಪುಣ್ಯವಂತಿ ಬಿಡ್ರಿ. ಇನ್ನ ಮಾಡೂದೇನೂ ಉಳೀಲಿಲ್ಲ."

ಕೊನೆಯ ಮಾತು ಯಾರದೆಂದು ಶಿವಗಂಗವ್ವನಿಗೆ ತಿಳಿಯಲಿಲ್ಲ. ಆದರೆ ಅವಳ ಕಿವಿಯಲ್ಲಿ ಉಳಿದದ್ದು ಅದೇ.

ಕಾರ್ಯ ಮುಗಿದ ಮೇಲೆ ಆ ನಿಚ್ಚಣಿಕೆಯನ್ನು ಅದೇ ದಿನ ಅಯ್ಯನವರಿಗೆ ದಾನ ಕೊಟ್ಟುಬಿಡಬೇಕು. ಅದು ಪದ್ಧತಿ. ದುಂಡಪ್ಪನಿಗೆ ಮನಸ್ಸಾಗಲಿಲ್ಲ. "ನಾಕ ದಿನ ಇರಲಿ ಬಿಡ್ರಿ, ಅವ್ವ ಕಣ್ತುಂಬ ನೋಡಲಿ" ಎಂದು ಅದನ್ನು ದೇವರ ಜಗುಲಿಯ ಮೇಲೆ ಗೋಡೆಗೆ ಆನಿಸಿ ಇಟ್ಟ. ಪ್ರೀತಿಯಿಂದ ಮಾಡಿದ ಕೆಲಸ. ಅದನ್ನು ತಪ್ಪೆಂದು ಹೇಳುವ ಧೈರ್ಯ ಆ ದಿನ ಯಾರಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಶಿವಗಂಗವ್ವ ಮಜ್ಜಿಗೆ ಕಡೆಯಲು ಕೂತಳು. ಸೊಸೆ ಕೆಂಚವ್ವ ಬಂದು ಕಡೆಗೋಲಿನ ಹಗ್ಗವನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡಳು. "ಸಾಕ ಬಿಡ್ರಿ ಅತ್ತಿ, ಎಷ್ಟ ದಿನಾ ಅಂತ ಮಾಡತೀರಿ? ಬಂಗಾರದ ಹೂವ ಹಾಕಿಸಿಕೊಂಡ ಮ್ಯಾಲೂ ಮಜ್ಜಿಗಿ ಕಡದರ ಮಂದಿ ನಮಗ ನಗತಾರ." ಇನ್ನೊಂದು ದಿನ ಬೀಸುಕಲ್ಲಿನ ಗೂಟ ಕೈ ತಪ್ಪಿತು. ಮತ್ತೊಂದು ದಿನ ಹಿತ್ತಲಲ್ಲಿ ಅವಳೇ ನೆಟ್ಟಿದ್ದ ಬದನೆ ಗಿಡಗಳಿಗೆ ಮೊಮ್ಮಗನ ಹೆಂಡತಿ ಕಾಡವ್ವ ನೀರು ಹಾಕಿಬಿಟ್ಟಿದ್ದಳು. ಯಾರೂ ಒಂದು ಬಿರುಸು ಮಾತು ಆಡಲಿಲ್ಲ. ಹೂ ಕಿತ್ತಷ್ಟೇ ಮೃದುವಾಗಿ ಒಂದೊಂದೇ ಕೆಲಸ ಕಿತ್ತುಕೊಂಡರು.

ದುಂಡಪ್ಪ ಗೋಕಾಕದ ಸಂತೆಗೆ ಹೋದವನು, ಗೊಂಬೆ ಮಾಡುವವರ ಕಡೆ ಕೆಂಪು ಬಣ್ಣ, ಹಳದಿ ಗೆರೆ ಹಾಕಿಸಿ ಒಂದು ಚೆಂದದ ಊರುಗೋಲು ತಂದ. ಶಿವಗಂಗವ್ವ ಅಲ್ಲಿಯವರೆಗೆ ಕೋಲು ಹಿಡಿದವಳಲ್ಲ. ಮಗ ತಂದಿದ್ದಾನಲ್ಲ ಎಂದು ಹಿಡಿದಳು. ಕೋಲು ಬಂದ ಮೇಲೆ ಮೊಣಕಾಲು ನೋಯತೊಡಗಿತು. ಮೊಣಕಾಲು ನೊಂದ ಮೇಲೆ ಮಲಗಲು ಹೊರಸು ಬಂತು. ಪಡಸಾಲೆಯ ಮೂಲೆಯಲ್ಲಿ ಹೊರಸು ಹಾಕಿ, ಮೇಲೆ ಕೌದಿ ಹಾಸಿ, ಅವಳನ್ನು ಕೂರಿಸಿದಾಗ ಶಿವಗಂಗವ್ವನಿಗೆ ಒಮ್ಮೆ ಮೈ ಜುಮ್ಮೆಂದಿತು. ಅದು ಅವಳ ಅತ್ತೆಯ ಮೂಲೆ.

ಅವಳ ಅತ್ತೆ ಆ ಮೂಲೆಯಲ್ಲಿ ಮಲಗಿ, ಗೋಡೆಗೆ ಮುಖ ಮಾಡಿ, ಸಣ್ಣಗೆ ಕೆಮ್ಮುತ್ತ ವರ್ಷಗಟ್ಟಲೆ ಸವೆದಿದ್ದಳು. ಶಿವಗಂಗವ್ವ ಆಗ ಅವಳಿಗೆ ನುಚ್ಚು ಉಣಿಸುತ್ತಿದ್ದಳು. ಮುಪ್ಪು ಎಂದರೆ ಹೇಗಿರುತ್ತದೆ ಎಂದು ಅವಳು ಕಲಿತದ್ದು ಅಲ್ಲಿಯೇ. ಅದಕ್ಕೊಂದು ಮೂಲೆ ಇರುತ್ತದೆ, ಒಂದು ಕೌದಿ ಇರುತ್ತದೆ, ಒಂದು ಕೆಮ್ಮು ಇರುತ್ತದೆ. ಇಷ್ಟು ದಿನ ತನ್ನ ಸರದಿ ಬಂದಿರಲಿಲ್ಲ, ಈಗ ಬಂತು. ಸರದಿ ಬಂದಾಗ ಇಲ್ಲವೆನ್ನುವುದು ಮರ್ಯಾದೆಯಲ್ಲ. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿನಲ್ಲಿ ಅತ್ತೆ ಕೆಮ್ಮಿದ್ದು ಕೇಳಿಸಿತು. ಕೆಮ್ಮಿದ್ದು ತಾನೇ ಎಂದು ಆಮೇಲೆ ತಿಳಿಯಿತು.

ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ತುಂಡು ಮೆಲ್ಲಗೆ ನೆಲದ ಮೇಲೆ ಹರಿದು, ಗೋಡೆ ಹತ್ತಿ, ದೇವರ ಜಗುಲಿಗೆ ಬರುತ್ತಿತ್ತು. ಆಗ ಆ ನಿಚ್ಚಣಿಕೆ ಹೊಳೆಯುತ್ತಿತ್ತು. ಮನೆಯೆಲ್ಲ ಊಟ ಮಾಡಿ ಕಣ್ಣು ಮುಚ್ಚಿದ ಹೊತ್ತು ಅದು. ದೂರದ ಗೋಕಾಕ ಫಾಲ್ಸಿನ ಗಿರಣಿಯ ಭೋಂಗಾ ಕೂಗಿ ನಿಂತ ಮೇಲೆ, ಆ ಕೂಗಿನ ಬಾಲವೊಂದು ಗಾಳಿಯಲ್ಲಿ ಉಳಿಯುತ್ತಿತ್ತು. ಶಿವಗಂಗವ್ವ ರೆಪ್ಪೆಯ ಸಂದಿಯಿಂದ ನೋಡುತ್ತಿದ್ದಂತೆ ನಿಚ್ಚಣಿಕೆ ಬೆಳೆಯುತ್ತಿತ್ತು. ಜಗುಲಿಯಷ್ಟಾಗಿ, ಗೋಡೆಯಷ್ಟಾಗಿ, ತೊಲೆ ದಾಟಿ, ಬೆಳಕಿಂಡಿಯಿಂದ ಹೊರಬಿದ್ದು, ಮೋಡದ ಹೊಟ್ಟೆಯಲ್ಲಿ ಮಾಯವಾಗುತ್ತಿತ್ತು. ಅವಳು ಅದರ ಬುಡದಲ್ಲಿ ಕೂತಿರುತ್ತಿದ್ದಳು. ಕಬ್ಬಿನ ಗರಿಯ ಸಪ್ಪಳದಂಥ ದನಿಯೊಂದು ಮೇಲಿನಿಂದ 'ಬರ್ತಿಯೋ ಇಲ್ಲೋ' ಎಂದು ಕೇಳುತ್ತಿತ್ತು. ಏಳಬೇಕೆಂದರೆ ಕಾಲುಗಳು ನೆನೆದ ಹತ್ತಿಯಂತೆ ಭಾರ. ಬರುತ್ತೇನೆ, ತಡಿ, ಬರುತ್ತೇನೆ ಎನ್ನುವಷ್ಟರಲ್ಲಿ ಬಿಸಿಲು ಸರಿದು ಹೋಗಿ, ಕೂಸು ಅತ್ತು, ಎಚ್ಚರವಾಗುತ್ತಿತ್ತು.

ದಾನ ಕೊಡದ ನಿಚ್ಚಣಿಕೆ ಸುಮ್ಮನೆ ನಿಲ್ಲುವುದಿಲ್ಲ, ಕಾಯುತ್ತದೆ ಎಂದು ಅವಳಿಗೆ ಗೊತ್ತಾಗಿ ಹೋಗಿತ್ತು. ಇಷ್ಟು ದಿನ ಅದನ್ನು ಕಾಯಿಸುವುದು ಸರಿಯೇ? ರೊಟ್ಟಿ ಅರ್ಧ ಸಾಕೆಂದಳು. ಆಮೇಲೆ ನುಚ್ಚು ಸಾಕೆಂದಳು. ಸಂಕ್ರಮಣದ ಹೊತ್ತಿಗೆ ನೆಲದಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಹೊರಸಿನಿಂದ ಬಚ್ಚಲಿಗೆ ಹೋಗಲು ಇಬ್ಬರು ಹಿಡಿಯಬೇಕಾಯಿತು. ಮೂಡಲಗಿಯಿಂದ, ನಾಗನೂರಿನಿಂದ ಬೀಗರು ಬಂದು ಮುಖ ನೋಡಿ ಹೋದರು. ಯುಗಾದಿ ದಾಟುವುದಿಲ್ಲ ಎಂದು ಅಂಗಳದಲ್ಲಿ ನಿಂತು ಮೆಲುದನಿಯಲ್ಲಿ ಆಡಿಕೊಂಡರು. ಗೋಡೆಯ ಈಚೆ ಮಲಗಿದ್ದ ಶಿವಗಂಗವ್ವನಿಗೂ ಕೇಳಿಸಿತು. ಅವಳಿಗೆ ಅಳು ಬರಲಿಲ್ಲ. ಆದರೆ ಕೂಸು ಇತ್ತೀಚೆಗೆ ತೊಡೆ ಹಿಡಿದು ನಿಲ್ಲಲು ನೋಡುತ್ತಿತ್ತು. ಅದು ಹೆಜ್ಜೆ ಇಡುವುದನ್ನು ಕಾಣಲಾರೆನಲ್ಲ ಎಂಬುದೊಂದು ಎದೆಯಲ್ಲಿ ಮುಳ್ಳಿನ ತುದಿಯಂತೆ ಮುರಿದು ಕೂತಿತ್ತು. ನಿಚ್ಚಣಿಕೆ ಹತ್ತುವವಳು ಅಂಥದ್ದನ್ನೆಲ್ಲ ಇಟ್ಟುಕೊಳ್ಳಬಾರದೆಂದು ಸುಮ್ಮನಿದ್ದಳು.

ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಗುಡ್ಡವ್ವ ಬಂದಳು.

ಗುಡ್ಡವ್ವ ಊರಾಚೆಯ ಕೇರಿಯ ಸೂಲಗಿತ್ತಿ. ದುಂಡಪ್ಪನನ್ನು ಹಿಡಿದವಳು ಅವಳೇ, ದುಂಡಪ್ಪನ ಮಗನನ್ನು ಹಿಡಿದವಳೂ ಅವಳೇ. ಮಗಳ ಮನೆಗೆಂದು ನಾಗನೂರಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇದ್ದುದರಿಂದ ಹೂ ಹಾಕುವ ಕಾರ್ಯಕ್ಕೆ ಬಂದಿರಲಿಲ್ಲ. ಎಂದಿನಂತೆ ಹಿತ್ತಲ ಬಾಗಿಲಿನಿಂದ ಬಂದಳು. ಒಂದು ಕಣ್ಣಿಗೆ ಬಿಳಿ ಪೊರೆ ಬಂದಿತ್ತು. ಬೆರಳುಗಳು ಹಸಿಶುಂಠಿಯ ಹಾಗೆ ಸೊಟ್ಟಗಾಗಿದ್ದವು. ನಡೆಯುವಾಗ ಒಂದು ಕಡೆ ವಾಲುತ್ತಿದ್ದಳು. ಬಿಸಿಲು ಕಾಯಿಸಲೆಂದು ಮುದುಕಿಯ ಹೊರಸನ್ನು ಹಿತ್ತಲಿಗೆ ತಂದಿಟ್ಟ ಹೊತ್ತು ಅದು.

"ಅವ್ವಾರ ಇನ್ನೂ ಇದ್ದಾರೋ, ಹೊಂಟ ಹ್ವಾದರೋ?" ಎಂದು ಬಾಗಿಲಲ್ಲೇ ಕೇಳಿದಳು.

ಕೆಂಚವ್ವನಿಗೆ ಕಸಿವಿಸಿಯಾಯಿತು. "ಹಂಗ ಅನಬ್ಯಾಡ ಗುಡ್ಡವ್ವ. ಅತ್ತಿ ಭಾಳ ಸೋತಾರ. ಯುಗಾದಿ ದಾಟೂದು ಕಷ್ಟ ಅಂತಾರ."

"ಯಾರ ಅಂತಾರಬೇ? ಯಮಾ ಬಂದ ಹೇಳಿ ಹ್ವಾದನೇನ? ಬಂದಿದ್ದರ ನನಗೂ ಹೇಳಿ ಕಳಸಬೇಕಾಗಿತ್ತು, ಅವಂದೊಂದೀಟ ಕೆಲಸ ಐತಿ ನನ್ನ ಕಡೆ." ಅವಳು ಹೊರಸಿನ ಬದಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. "ಏನಾಗೇತ್ರಿ ಅವ್ವಾರ?"

"ಏನಾಗಬೇಕು? ವಯಸ್ಸಾಗೇತಿ."

"ನಿಮಗಷ್ಟ ಆಗೇತೇನ? ನಾ ನಿಮಗಿಂತ ಒಂದ ಮಳಿಗಾಲ ಹಿರೇಕಿ."

"ನಿಂದ ಬ್ಯಾರೆ ಗುಡ್ಡವ್ವ. ನೀ ನಿಚ್ಚಣಿಕಿ ಮುಟ್ಟಿಲ್ಲ." ಶಿವಗಂಗವ್ವ ದನಿ ಇಳಿಸಿದಳು. ಮನೆಯವರಿಗೂ ಹೇಳದಿದ್ದುದನ್ನು ಹೇಳಿದಳು. "ಅದು ನನ್ನ ದಾರಿ ಕಾಯಾಕತ್ತೈತಿ. ದಿನಾ ಮಧ್ಯಾಹ್ನ ಹೊಳದ ಹೊಳದ ಕರೀತೈತಿ. ಎಷ್ಟ ದಿನಾ ಅಂತ ಕಾಯಿಸಲಿ?"

ಗುಡ್ಡವ್ವ ನಗಲಿಲ್ಲ. ಕೌದಿ ಸರಿಸಿ, ಹೊಸ ಬಾಣಂತಿಯ ಹೊಟ್ಟೆ ಒತ್ತಿ ನೋಡುವಂತೆ, ಸೊಟ್ಟ ಹೆಬ್ಬೆರಳಿನಿಂದ ಶಿವಗಂಗವ್ವನ ತೊಡೆ ಒತ್ತಿದಳು. ಬೆರಳು ಒಳಗೆ ಇಳಿಯಿತು. ಮೊಣಕಾಲಿನ ಬಟ್ಟಲು ಅಲ್ಲಾಡಿಸಿದಳು. ಮೀನಖಂಡ ಹಿಂಡಿದಳು.

"ಈ ಕಾಲೀಲೆ?"

"ಏನು?"

"ಈ ಕಾಲೀಲೆ ಹತ್ತತೀರೇನ ಅಂತ ಕೇಳಾಕತ್ತೇನಿ."

ಶಿವಗಂಗವ್ವ ಕಣ್ಣು ಪಿಳುಕಿಸಿದಳು.

"ಅಲ್ರಿ, ಮಾಳಗಿ ಹತ್ತಬೇಕಂದ್ರನ ತೊಡಿಯಾಗ ಕಸುವು ಬೇಕು. ಕೈಲಾಸಾ ನಿಮ್ಮ ಮಾಳಗಿಗಿಂತ ಒಂದೀಟ ಎತ್ತರ ಇದ್ದೀತಲ್ಲ?"

"ಅಲ್ಲೆ ಕೈ ಹಿಡದ ಕರಕೊಂಡ ಹೋಗತಾರ."

"ಯಾರು? ಕರಕೊಂಡ ಹೋಗಾಕ ಮಂದಿ ಇದ್ದಿದ್ದರ ನಿಚ್ಚಣಿಕಿ ಯಾಕ ಮಾಡಸ್ತಿದ್ರಿ? ಬಂಗಾರದ ಮೇಣೆ ಮಾಡಸ್ತಿದ್ದ ನಿಮ್ಮ ಮಗಾ. ನಿಚ್ಚಣಿಕಿ ಕೊಟ್ಟಾರ ಅಂದ್ರ ನೀವ ಹತ್ತಬೇಕು ಅಂತ. ಅರ್ಧಕ್ಕ ಹೋಗಿ ಕಾಲ ಸೋತವು ಅನಕೋರಿ, ಮ್ಯಾಲೂ ಇಲ್ಲ, ಕೆಳಗೂ ಇಲ್ಲ, ಆಲದ ಮರದಾಗಿನ ಬಾವಲಿ ಹಂಗ ಜೋತ ಬೀಳತೀರಿ. ನಿಮ್ಮ ಹಿಂದ ಬರೂ ಮಂದೀಗೂ ದಾರಿ ಕಟ್ಟ."

ಒಲೆಗೆ ಕುಳ್ಳು ಒಯ್ಯಲು ಬಂದಿದ್ದ ಕಾಡವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಕೆಂಚವ್ವ ಅವಳನ್ನು ಕಣ್ಣಲ್ಲೇ ಗದರಿದಳು. ಶಿವಗಂಗವ್ವ ಮಾತ್ರ ನಗಲಿಲ್ಲ. ಅವಳಿಗೆ ದಿನವೂ ಕಾಣುತ್ತಿದ್ದ ನಿಚ್ಚಣಿಕೆ, ಅದರ ಬುಡದಲ್ಲಿ ನೆನೆದ ಹತ್ತಿಯಂತೆ ಬಿದ್ದಿದ್ದ ಕಾಲುಗಳು ಕಣ್ಣಿಗೆ ಕಟ್ಟಿದವು. ಇದನ್ನು ತಾನೇಕೆ ಯೋಚಿಸಲಿಲ್ಲ? ಹೊಲಕ್ಕೆ ಹೋಗುವವಳು ಕುಡುಗೋಲು ಹರಿತ ಮಾಡಿಕೊಳ್ಳದೆ ಹೋಗುತ್ತಾಳೆಯೇ?

"ಖರೆ ಐತಿ" ಎಂದಳು. "ಈಗೇನ ಮಾಡಲಿ?"

"ಏನ ಮಾಡತೀರಿ? ನೀರ ಕಾಸ ಅನ್ರಿ ಮೊದಲ."

ಹಿತ್ತಲ ಬಚ್ಚಲಿನಲ್ಲಿ ಹಂಡೆ ನೀರು ಕುದಿಯಿತು. ಗುಡ್ಡವ್ವ ಅದರಲ್ಲಿ ಲಕ್ಕಿ ಸೊಪ್ಪು ಹಾಕಿಸಿದಳು. ಬಾಣಂತಿಗೆ ಎರೆಯುವ ಹಾಗೆಯೇ ಶಿವಗಂಗವ್ವನನ್ನು ಮಣೆಯ ಮೇಲೆ ಕೂರಿಸಿ, ಕಾಲು ಚಾಚಿಸಿ, ಬಿಸಿ ಹರಳೆಣ್ಣೆ ಹಚ್ಚಿ, ತೊಡೆಯಿಂದ ಹಿಮ್ಮಡಿಯವರೆಗೆ ತೀಡಿದಳು. ಹೊಗೆಯೂ ಆವಿಯೂ ಕೂಡಿ ಬಚ್ಚಲು ಬೆಳ್ಳಗಾಯಿತು. ಗೋಡೆ ಮಾಯವಾಯಿತು. ಚೊಂಬಿನಿಂದ ಬೀಳುವ ನೀರಿನ ಸದ್ದು ದೂರದ ಫಾಲ್ಸಿನ ಸದ್ದಿನಂತೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಯಿತು. ಆ ಬಿಳುಪಿನಲ್ಲಿ ಗುಡ್ಡವ್ವನ ಕೂದಲು ಕಪ್ಪಾಗಿ ಕಂಡಿತು, ಕೈಗಳು ನೆಟ್ಟಗೆ ಕಂಡವು. ದುಂಡಪ್ಪ ಹುಟ್ಟಿ ಇನ್ನೂ ವಾರವಾಗಿಲ್ಲ, ಒಳಗೆ ತೊಟ್ಟಿಲಲ್ಲಿದ್ದಾನೆ, ಈಗ ಅಳುತ್ತಾನೆ, ಎದೆ ಜುಮುಗುಡುತ್ತದೆ ಎಂದು ಶಿವಗಂಗವ್ವನಿಗೆ ಅನಿಸಿತು. ಅಳುವ ಸದ್ದು ಬಂದೇ ಬಂತು. ಅದು ದುಂಡಪ್ಪನ ಮೊಮ್ಮಗ.

ಹೊರಗೆ ಅವ್ವಾರ, ನೀವು ಎನ್ನುವ ಗುಡ್ಡವ್ವ, ಬಚ್ಚಲ ಆವಿಯೊಳಗೆ ಮೊದಲಿನಿಂದಲೂ ನೀನು ಎನ್ನುತ್ತಿದ್ದಳು. ಅದು ಅವರಿಬ್ಬರಿಗೆ ಮಾತ್ರ ಗೊತ್ತು.

"ಕೈ ನಡಗತೈತಲ್ಲ ಗುಡ್ಡಿ, ನಿಂದು."

"ನಡಗತೈತಿ. ಅದು ನಡಗಕೋತ ಕೆಲಸ ಮಾಡತೈತಿ, ನಾ ನೋಡೂದಿಲ್ಲ."

"ಕಣ್ಣು?"

ಗುಡ್ಡವ್ವ ಒಂದು ಚೊಂಬು ನೀರು ಸುರಿದ ಮೇಲೆ ಹೇಳಿದಳು. "ಹೋತು. ಹೆರಿಗಿ ಮಾಡಸೂದು ಬಿಟ್ಟೆ. ನಾಗನೂರಾಗ ಒಂದ ಹುಡಿಗಿ ಹಡದಾಗ ನನಗ ಹೊಕ್ಕಳ ಬಳ್ಳಿ ಕಾಣಲಿಲ್ಲ. ಕೈಯಾಗಿನ ಕುಡುಗೋಲ ಮಗಳ ಕೈಯಾಗ ಕೊಟ್ಟ ಹೊರಗ ಬಂದ ಕುಂತೆ. ಭಾಳ ಅತ್ತೆ ಶಿವಗಂಗಿ, ಕೂಸಿಗಿಂತ ಜೋರ ಅತ್ತೆ." ಮತ್ತೊಂದು ಚೊಂಬು. "ಹೋಗೂದು ಹೋಗತೈತಿ, ಹಿಡದರ ನಿಲ್ಲೂದಿಲ್ಲ. ಆದರ ಇನ್ನೂ ಹೋಗದ್ದನ್ನ ನೀ ಯಾಕ ಕುತಗಿ ಹಿಡದ ನೂಕತಿ?"

ಶಿವಗಂಗವ್ವ ಕಾಲಬೆರಳು ಮಡಿಸಿ ನೋಡಿದಳು. ಮಡಚಿಕೊಂಡವು.

ಅಂದಿನಿಂದ ಅವಳು ಕೈಲಾಸಕ್ಕೆ ತಯಾರಿ ನಡೆಸಿದಳು. ಹೊರಸಿನ ಅಂಚು ಹಿಡಿದು ಏಳುವುದು, ಕೂರುವುದು. ಮತ್ತೆ ಏಳುವುದು, ಮತ್ತೆ ಕೂರುವುದು. ಮೊದಮೊದಲು ಸೊಂಟ ಮೇಲೇಳುವ ಮುನ್ನವೇ ಉಸಿರು ಕೈಕೊಡುತ್ತಿತ್ತು. ನಾಲ್ಕು ದಿನಕ್ಕೆ ಅಂಚು ಬಿಟ್ಟು ನಿಂತಳು. ನಿಂತಿದ್ದು ಎಷ್ಟು ಹೊತ್ತು? ಕೂಸು ಒಮ್ಮೆ ಕೇಕೆ ಹಾಕುವಷ್ಟು ಹೊತ್ತು. ಕೂಸೂ ಆಗ ಅದೇ ಕೆಲಸದಲ್ಲಿತ್ತು. ಹೊರಸಿನ ಈ ತುದಿಗೆ ಅದು, ಆ ತುದಿಗೆ ಇವಳು. ಇಬ್ಬರೂ ಏಳುತ್ತಿದ್ದರು, ಇಬ್ಬರೂ ಧೊಪ್ಪೆಂದು ಕೂರುತ್ತಿದ್ದರು, ಒಬ್ಬರನ್ನೊಬ್ಬರು ನೋಡಿ ಬೊಚ್ಚುಬಾಯಿ ತೆರೆದು ನಗುತ್ತಿದ್ದರು.

"ಆಯಿ, ಯಾಕ ಇಷ್ಟ ಒದ್ದಾಡತೀರಿ?" ಎಂದು ಕಾಡವ್ವ ಕೇಳಿದರೆ, "ಸಾಯಾಕ ಕಸುವು ಬೇಕವಾ" ಎನ್ನುತ್ತಿದ್ದಳು. ಕಸುವು ಬರಬೇಕಾದರೆ ರೊಟ್ಟಿ ಬೇಕು. ನುಚ್ಚಿನ ಬಟ್ಟಲನ್ನು ದೂರ ಸರಿಸಿ, ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿಸಿಕೊಂಡಳು.

ಮಧ್ಯಾಹ್ನದ ಕನಸೂ ಬೇರೆಯಾಯಿತು. ಈಗ ನಿಚ್ಚಣಿಕೆಯ ಮೇಲ್ತುದಿಯಲ್ಲಿ ಅವಳ ಅತ್ತೆ ಕಾಣುತ್ತಿದ್ದಳು. ಮೋಡದ ಅಂಚಿಗೆ ಕೂತು ಕಾಲು ಇಳಿಬಿಟ್ಟು, ಅವರೆಕಾಯಿ ಸುಲಿಯುತ್ತಿದ್ದಳು. ಸಿಪ್ಪೆಗಳು ತೇಲುತ್ತ ಕೆಳಗೆ ಬರುತ್ತಿದ್ದವು. 'ಅಷ್ಟು ಅವಸರದಿಂದ ಯಾಕ ಬರತಿ? ಇಲ್ಲಿ ಕುಂದರಾಕ ಹೊರಸಿಲ್ಲ' ಎನ್ನುತ್ತಿದ್ದಳು. ಅವಳು ಕೆಮ್ಮುತ್ತಿರಲಿಲ್ಲ.

ಹೋಳಿ ಹುಣ್ಣಿಮೆಯ ಮುಂಚೆ ಶಿವಗಂಗವ್ವ ಬಿದ್ದಳು. ಹಿತ್ತಲಲ್ಲಿ ಮಾಳಿಗೆಗೆ ಒಂದು ಕಟ್ಟಿಗೆಯ ನಿಚ್ಚಣಿಕೆ ಸದಾ ಆನಿಸಿ ಇರುತ್ತಿತ್ತು. ಯಾರೂ ಇಲ್ಲದ ಹೊತ್ತು ನೋಡಿ ಅದರ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಕಾಲು ಜಾರಿ, ಬದನೆ ಪಾತಿಯಲ್ಲಿ ಕುಕ್ಕರಿಸಿದಳು. ಎಲುಬು ಮುರಿಯಲಿಲ್ಲ. ಮೊಣಕೈ ತರಚಿತು, ಎರಡು ಬದನೆ ಗಿಡ ಹೋದವು. ಆದರೆ ದುಂಡಪ್ಪನ ಮುಖ ನೋಡಲಾಗಲಿಲ್ಲ. ಅವನು ಸಿಟ್ಟು ಮಾಡುವವನಲ್ಲ. ಅಂದು ಮಾತ್ರ ಒದರಿಯೇಬಿಟ್ಟ.

"ಯವ್ವಾ, ನಿನಗೇನ ಹುಚ್ಚ ಹಿಡದೈತೇನ? ಎಂಬತ್ತರ ಮುದಕಿ ನಿಚ್ಚಣಿಕಿ ಹತ್ತತಾಳಂತ! ಬಿದ್ದ ಟೊಂಕಾ ಮುರದಿದ್ದರ?"

"ಮುರದಿಲ್ಲಲ್ಲೋ."

"ಎಲ್ಲಾ ಆ ಸುಡಗಾಡ ಬಂಗಾರದ್ದರಿಂದ ಆಗಿದ್ದು. ಇಟಗೋಬಾರದಿತ್ತು." ಅವನು ಜಗುಲಿಗೆ ಹೋಗಿ, ಆ ಪುಟ್ಟ ನಿಚ್ಚಣಿಕೆಯನ್ನು ಶಲ್ಯದ ತುದಿಯಲ್ಲಿ ಕಟ್ಟಿಕೊಂಡು, ಆ ಕ್ಷಣವೇ ಅಯ್ಯನವರ ಮನೆಗೆ ನಡೆದ. ಅಡ್ಡಬಿದ್ದು, ತಪ್ಪಾಯಿತೆಂದು ಹೇಳಿ, ಕೊಟ್ಟು ಬಂದ. ಬಂದವನು ಹಿತ್ತಲಿನ ಕಟ್ಟಿಗೆಯ ನಿಚ್ಚಣಿಕೆಯನ್ನೂ ಎತ್ತಿ ದನದ ಕೊಟ್ಟಿಗೆಯ ಹಿಂದೆ ಅಡ್ಡ ಮಲಗಿಸಿದ.

"ಬಂಗಾರದ್ದು ಕೊಟ್ಟಿ?" ಎಂದಳು ಶಿವಗಂಗವ್ವ.

"ಕೊಟ್ಟೆ."

ಅವಳು ಖಾಲಿ ಜಗುಲಿಯ ಕಡೆ ನೋಡಿದಳು. ಇಷ್ಟು ದಿನ ತನ್ನನ್ನು ಕಾಯುತ್ತ ನಿಂತಿದ್ದದ್ದು ಹೊರಟೇ ಹೋಗಿತ್ತು. ದುಃಖವಾಗಬೇಕಿತ್ತು. ನೆಂಟರು ಹೋದ ಮೇಲಿನ ಮನೆಯಂತೆ ಎದೆ ಹಗುರಾಯಿತು.

"ಅಂದ್ರ ಇನ್ನ ಕಟಿಗೀದು ಒಂದ ಉಳೀತು" ಎಂದಳು.

ದುಂಡಪ್ಪ ನಗಬೇಕೋ ಅಳಬೇಕೋ ತಿಳಿಯದೆ ಹೊಲಕ್ಕೆ ಹೋದ.

ಬೀಳುವಾಗಿನ ಭಯ ಮಾತ್ರ ಅವಳ ಮೈಯಲ್ಲಿ ಉಳಿಯಿತು. ಎರಡು ದಿನ ಹೊರಸು ಬಿಟ್ಟು ಏಳಲಿಲ್ಲ. ಗೋಡೆಗೆ ಮುಖ ಮಾಡಿದಳು. ಕೆಮ್ಮೊಂದು ಗಂಟಲಿನವರೆಗೆ ಬಂತು. ಆಗ ಬೆನ್ನ ಹಿಂದೆ ಏನೋ ಅವಳ ಸೀರೆ ಹಿಡಿದು ಎಳೆಯಿತು. ತಿರುಗಿ ನೋಡಿದರೆ ಕೂಸು. ಹೊರಸಿನ ಆ ತುದಿಯಿಂದ ಈ ತುದಿಗೆ ಹಿಡಿದುಕೊಂಡು ಬಂದುಬಿಟ್ಟಿತ್ತು. ಹಣೆಯ ಮೇಲೆ ನಿನ್ನೆ ಬಿದ್ದ ಗಾಯ ಇನ್ನೂ ಕೆಂಪಗಿತ್ತು. 'ಯಾಕ ಬಿಟ್ಟಿ?' ಎಂದು ಕೇಳುವಂತೆ ಅವಳನ್ನು ನೋಡಿತು. ಶಿವಗಂಗವ್ವ ಕೆಮ್ಮನ್ನು ನುಂಗಿ ಎದ್ದು ಕೂತಳು.

ಯುಗಾದಿಗೆ ಇನ್ನೊಂದು ವಾರವಿರುವಾಗ ಮನೆಯಲ್ಲಿ ಸಂಡಿಗೆ ಹಾಕಿದರು. ಸಂಡಿಗೆಗೆ ಮಾಳಿಗೆಯೇ ಬೇಕು, ಮಾಳಿಗೆಗೆ ನಿಚ್ಚಣಿಕೆ ಬೇಕು. ಕಾಡವ್ವ ಅದನ್ನು ಕೊಟ್ಟಿಗೆಯ ಹಿಂದಿನಿಂದ ಎಳೆತಂದು ಮತ್ತೆ ಗೋಡೆಗೆ ಆನಿಸಿದಳು. ಬೆಳಗಿನಿಂದ ಕೆಂಚವ್ವ ಕೆಳಗೆ ಹಿಟ್ಟು ಕುದಿಸಿ, ಕಾಡವ್ವ ಮಾಳಿಗೆಯ ಮೇಲೆ ಒಗೆದ ಧೋತರಗಳನ್ನು ಹಾಸಿ, ಸಂಡಿಗೆ ಇಟ್ಟು, ದಣಿದು, ಉಂಡು, ಹೆಂಗಸರಿಬ್ಬರೂ ಒರಗಿದರು. ದುಂಡಪ್ಪ ಕೊಟ್ಟಿಗೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಗಿರಣಿಯ ಭೋಂಗಾ ಕೂಗಿತು. ಶಿವಗಂಗವ್ವ ಊರುಗೋಲನ್ನು ಹೊರಸಿನ ಮೇಲೆಯೇ ಮಲಗಿಸಿ ಹಿತ್ತಲಿಗೆ ಬಂದಳು.

ತಾನು ಎಚ್ಚರದಲ್ಲಿದ್ದೇನೆಯೋ ಮಧ್ಯಾಹ್ನದ ಕನಸಿನಲ್ಲಿದ್ದೇನೆಯೋ ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಮೆಟ್ಟಿಲುಗಳು ಬಿಸಿಲಿಗೆ ಬೆಚ್ಚಗಿದ್ದವು. ಒಂದು ಕಾಲಿಟ್ಟಳು, ಇನ್ನೊಂದನ್ನು ತಂದು ಅದರ ಜೊತೆಗಿಟ್ಟಳು, ನಿಂತಳು. ತೊಡೆ ನಡುಗಿತು. ನಡುಗಲಿ, ನಡುಗುತ್ತಲೇ ಹತ್ತಲಿ. ಮತ್ತೊಂದು. ಬದನೆ ಗಿಡಗಳು ಕೆಳಗೆ ಸರಿದವು. ಬಾವಿಯ ಗಡಗಡೆ ಕಣ್ಣ ಮಟ್ಟಕ್ಕೆ ಬಂದು, ಅದೂ ಕೆಳಗೆ ಸರಿಯಿತು. ಗುಬ್ಬಿಯೊಂದು ಗೋಡೆಯ ಬಿರುಕಿನ ಗೂಡಿನಿಂದ ತಲೆ ಹಾಕಿ ಇವಳನ್ನು ನೋಡಿ ಒಳಗೆ ಹೋಯಿತು. ಅವಳು ಉಸಿರಿಗಾಗಿ ನಿಲ್ಲುತ್ತಿದ್ದಳು, ಮತ್ತೆ ಹತ್ತುತ್ತಿದ್ದಳು. ಕೊನೆಗೆ ಕೈಗೆ ಮೆಟ್ಟಿಲು ಸಿಗಲಿಲ್ಲ, ಮಾಳಿಗೆಯ ಅಂಚಿನ ಮಣ್ಣಿನ ಕುಂಬಿ ಸಿಕ್ಕಿತು. ಹೊಟ್ಟೆಯ ಮೇಲೆ ತೆವಳಿ ಆಚೆ ಬಿದ್ದಳು.

ಎಲ್ಲೆಲ್ಲೂ ಬಿಳುಪು. ಬಿಳಿಯ ನೆಲ, ಅದರ ಮೇಲೆ ಬಿಳಿಯ ಹೂಗಳ ಸಾಲು, ಕಣ್ಣು ಬಿಡಲಾಗದಂಥ ಬೆಳಕು. ಎಲ್ಲಿಂದಲೋ ಬೆಲ್ಲ ಕುದಿಯುವ ಸಿಹಿ ವಾಸನೆ. ಗಾಳಿ ತಣ್ಣಗೆ ಬಂದು ಬೆವರಿದ ಹಣೆ ಒರೆಸಿತು. ಬಂದೆನೇ? ಇಷ್ಟು ಹತ್ತಿರ ಇತ್ತೇ? ಶಿವಗಂಗವ್ವ ಕೈ ಮುಗಿಯಲು ಕೈ ಎತ್ತಿದಳು.

ಅಷ್ಟರಲ್ಲಿ ಒಂದು ಕಾಗೆ ಬಂದು, ಆ ಬಿಳಿಯ ಹೂಗಳಲ್ಲಿ ಒಂದನ್ನು ಕೊಕ್ಕಿನಲ್ಲಿ ಎತ್ತಿ ಕುಣಿಯುತ್ತ ನಡೆಯಿತು.

"ಹುಶ್! ನಿನ್ನ ಬಾಯಾಗ ಮಣ್ಣ ಹಾಕ! ಸೊಸಿ ಬೆಳಗಿನಿಂದ ಕುಂತ ಮಾಡ್ಯಾಳ, ನೀ ಅಡ್ಡಗಾಲ ಹಾಕತೀಯೇನ!"

ತನ್ನ ದನಿ ಇಷ್ಟು ಜೋರಾಗಿ ಕೇಳಿ ಎಷ್ಟು ದಿನವಾಗಿತ್ತು! ಕಾಗೆ ಹಾರಿತು. ಬೆಳಕು ತುಸು ತಗ್ಗಿ, ಸಂಡಿಗೆ ಸಂಡಿಗೆಯಾಯಿತು, ಧೋತರ ಧೋತರವಾಯಿತು. ಆಚೆ ಕಬ್ಬಿನ ಹೊಲಗಳು, ಗಾಣದ ಹೊಗೆ, ಘಟಪ್ರಭೆಯ ಒಂದು ತುಣುಕು ಹೊಳಪು. ಕೆಳಗೆ ಓಣಿ. ಅವಳು ಮೇಲೆ ನೋಡಿದಳು. ಅಲ್ಲಿಂದ ಮೇಲಕ್ಕೆ ಮೆಟ್ಟಿಲು ಇರಲಿಲ್ಲ. ಒಂದು ಒದ್ದೆ ಬಟ್ಟೆಯ ತುಂಡನ್ನು ಎತ್ತಿಕೊಂಡು ಕಾಗೆ ಓಡಿಸುತ್ತ ಕೂತಳು. ಕಾಲು ಚಾಚಿಕೊಂಡು ನೋಡಿದಳು. ಸೊರಗಿದ ಕಾಲುಗಳು, ನರ ಉಬ್ಬಿದ ಕಾಲುಗಳು. ಹತ್ತಿಸಿ ತಂದಿದ್ದವಲ್ಲ. ಕೈಯಿಂದ ಸವರಿದಳು.

ಕೆಳಗೆ ಕೂಗು ಎದ್ದಿತು. ಖಾಲಿ ಹೊರಸು ಕಂಡು ಕೆಂಚವ್ವ ಹಿತ್ತಲಿಗೆ ಓಡಿಬಂದಿದ್ದಳು. ಮಾಳಿಗೆಯ ಅಂಚಿನಲ್ಲಿ ಬಿಳಿ ತಲೆ ಕಂಡಿತು.

"ಅತ್ತೀ! ಅಳ್ಳಾಡಬ್ಯಾಡ್ರಿ! ಅಲ್ಲೇ ಕುಂದರ್ರಿ!" ಹಿಂದೆ ಮುಂದೆ ನೋಡದೆ ಸೆರಗು ಸಿಕ್ಕಿಸಿ ನಿಚ್ಚಣಿಕೆ ಹತ್ತಿ ಮೇಲೆ ಬಂದಳು. ಅತ್ತೆಯ ಕೈ, ಕಾಲು, ತಲೆ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲ ನೆಟ್ಟಗಿತ್ತು. ಆಮೇಲೆ ಕೆಳಗೆ ಬಗ್ಗಿ ನೋಡಿದಳು. ಮುಖ ಬಿಳಿಚಿತು. ಕುಂಬಿ ಹಿಡಿದು ಕೂತುಬಿಟ್ಟಳು.

"ಅತ್ತಿ, ನಾ ಹೆಂಗ ಇಳೀಲಿ? ನನಗ ತಲಿ ತಿರಗಾಕತ್ತೈತಿ."

"ದಿನಾ ಹತ್ತತಿದ್ದಿ ನೀನು!"

"ಕಾಡವ್ವ ಬಂದ ಮ್ಯಾಲ ಹತ್ತೇ ಇಲ್ರಿ. ಸಣ್ಣವರು ಹತ್ತಲಿ ಅಂತ ಬಿಟ್ಟೆ. ಐವತ್ತ ದಾಟೇತಿ, ನಂದೂ ಆತಲ್ರಿ."

"ಏನಾತು?"

ಕೆಂಚವ್ವ ಕುಂಬಿ ಬಿಟ್ಟು ಅತ್ತೆಯ ಪಕ್ಕಕ್ಕೆ ಸರಿದು ಕೂತಳು. ಮದುವೆಯಾಗಿ ಬಂದ ಮೇಲೆ ಇಬ್ಬರೂ ಹೀಗೆ ಹಗಲು ಹೊತ್ತು ಕೈಯಲ್ಲಿ ಕೆಲಸವಿಲ್ಲದೆ ಪಕ್ಕಪಕ್ಕ ಕೂತದ್ದು ಇದೇ ಮೊದಲು. ಗಾಳಿ ಧೋತರದ ಅಂಚನ್ನು ಎತ್ತಿ ಇಳಿಸುತ್ತಿತ್ತು. ಎರಡು ತಲೆಗಳ ನೆರಳು ಸಂಡಿಗೆಯ ಮೇಲೆ ಬಿದ್ದಿತ್ತು.

ಕೂಗು ಕೇಳಿ ದುಂಡಪ್ಪ ಕೊಟ್ಟಿಗೆಯಿಂದ ಓಡಿಬಂದ. "ಯವ್ವಾ! ಏನ ಮಾಡೀದಿ ನೀನು! ಆಕೀನೂ ಹತ್ತಿಸೀದಿ! ನಾ ಬರ್ತೀನಿ ತಡಿ."

"ಬರಬ್ಯಾಡ. ಮಾಳಗಿ ಮ್ಯಾಲ ಸಂಡಿಗಿ ಅದಾವ, ತುಳೀತಿ. ಒದರೂದ ಬಿಟ್ಟ ನಿಚ್ಚಣಿಕಿ ಬುಡಾ ಗಟ್ಟ್ಯಾಗಿ ಹಿಡಿ."

ಅವನು ಹಿಡಿದ. ಶಿವಗಂಗವ್ವ ಕುಂಬಿಯ ಮೇಲೆ ಬೋರಲಾಗಿ ಮಲಗಿ, ಕಾಲನ್ನು ಕೆಳಗೆ ಇಳಿಬಿಟ್ಟು, ಗಾಳಿಯಲ್ಲಿ ತಡಕಾಡಿ, ಮೆಟ್ಟಿಲು ಹುಡುಕಿದಳು. ಹತ್ತುವುದಕ್ಕಿಂತ ಇಳಿಯುವುದು ಕಷ್ಟವಾಗಿತ್ತು. ಮೊಣಕಾಲು ಕಟಕಟ ಎಂದಿತು. ಇವತ್ತು ರಾತ್ರಿ ನೋಯುತ್ತದೆ ಎಂದುಕೊಂಡಳು. ನಾಲ್ಕು ಮೆಟ್ಟಿಲು ಇಳಿದು ನಿಂತು, ಮೇಲೆ ನೋಡಿದಳು. ಕೆಂಚವ್ವ ಕಣ್ಣು ಮುಚ್ಚಿಕೊಂಡು ಕುಂಬಿಗೆ ಅಂಟಿಕೊಂಡಿದ್ದಳು.

"ಬಾ. ಕಾಲ ಬಿಡು. ಕೆಳಗ ನೋಡಬ್ಯಾಡ."

"ಬೀಳತೀನ್ರಿ ಅತ್ತಿ."

"ಬಿದ್ದರ ನನ್ನ ಮ್ಯಾಲ ಬೀಳತಿ, ಮೆತ್ತಗಿರೂದಿಲ್ಲ, ಬರೇ ಎಲುಬ ಅದಾವ. ಅದಕ್ಕ ಬೀಳಬ್ಯಾಡ."

ಕೆಂಚವ್ವನ ಕಾಲು ಅಂಜುತ್ತ ಅಂಜುತ್ತ ಇಳಿಯಿತು. ಶಿವಗಂಗವ್ವ ಎಡಗೈಯಿಂದ ನಿಚ್ಚಣಿಕೆಯನ್ನು ಅಪ್ಪಿಕೊಂಡು, ಬಲಗೈ ಮೇಲೆತ್ತಿ, ಸೊಸೆಯ ಬಿರುಕು ಬಿಟ್ಟ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದಳು. ಅದನ್ನು ಮೆಲ್ಲಗೆ ತಂದು ಮೆಟ್ಟಿಲ ಮೇಲೆ ಇಟ್ಟಳು.

"ಇಲ್ಲೈತಿ ನೋಡು. ಭಾರಾ ಹಾಕು."

"ಹಾಕಲೇನ್ರಿ?"

"ಹಾಕವಾ. ನಾ ಕೆಳಗ ಅದೀನಿ."

ಕೆಂಚವ್ವ ಭಾರ ಹಾಕಿದಳು. ಮೆಟ್ಟಿಲು ಕಿರ್ರೆಂದಿತು, ತಾಳಿತು. ಶಿವಗಂಗವ್ವ ಒಂದು ಮೆಟ್ಟಿಲು ಇಳಿದು ಮತ್ತೆ ಕೈ ಎತ್ತಿದಳು.

"ಇನ್ನೊಂದ ಕಾಲ ಕೊಡು."